ಮೊದಲ ಹಿಮಶಿಖರಕ್ಕೆ ಮೇರಾ: ತಯಾರಿಯಿಂದ ಇಳಿದು ಬರುವವರೆಗೆ ಸಮಗ್ರ ಮಾರ್ಗದರ್ಶಿ

ಹಿಮಾಲಯದಲ್ಲಿ ಒಂದೆರಡು ಚಾರಣ ಮುಗಿಸಿದ್ದೀರಿ. ಈಗ ಕಾಲಿಗೆ ಕ್ರ್ಯಾಂಪಾನ್ (ಬೂಟಿನ ತಳಕ್ಕೆ ಕಟ್ಟುವ ಚೂಪು ಹಲ್ಲುಗಳ ಚೌಕಟ್ಟು) ಕಟ್ಟಿಕೊಂಡು, ಹಗ್ಗ ಹಿಡಿದು, ಹಿಮನದಿ ದಾಟಿ ಒಂದು ನಿಜವಾದ ಶಿಖರದ ತುದಿ ಮುಟ್ಟಬೇಕು ಅನ್ನಿಸುತ್ತಿದೆ. ಹಾಗೆ ಕೇಳುವವರಿಗೆ ನಾನು ಹೇಳುವ ಮೊದಲ ಹೆಸರು ಮೇರಾ. ನೇಪಾಳದ ಸೊಲುಖುಂಬು ಜಿಲ್ಲೆಯಲ್ಲಿ, ಎವರೆಸ್ಟಿನ ದಕ್ಷಿಣಕ್ಕೆ, ಹಿಂಕು ಕಣಿವೆಯ ತುದಿಯಲ್ಲಿರುವ 6,476 ಮೀಟರ್ ಎತ್ತರದ ಶಿಖರ ಅದು. ನೇಪಾಳದ 'ಟ್ರೆಕ್ಕಿಂಗ್ ಪೀಕ್'ಗಳಲ್ಲಿ (ಅಲ್ಲಿನ ಪರ್ವತಾರೋಹಣ ಸಂಘದ ಅನುಮತಿ ಪಡೆದು ಹತ್ತುವ ಶಿಖರಗಳಲ್ಲಿ) ಅತಿ ಎತ್ತರದ್ದು ಎಂದೇ ಅದಕ್ಕೆ ಹೆಸರು.

ಹೊಸಬರಿಗೂ ಆಗುತ್ತದೆ ಅಂತ ಚಾರಣ ಕಂಪನಿಗಳು ಹೇಳುವುದು ಸುಳ್ಳಲ್ಲ. ಕಡಿದಾದ ಬಂಡೆ ಹತ್ತುವ ಕೆಲಸ ಇಲ್ಲಿಲ್ಲ. ಹಿಮನದಿಯ ಮೇಲೆ ನಿಧಾನವಾಗಿ ಏರುವ ಇಳಿಜಾರು, ಕೊನೆಯಲ್ಲಿ ಸುಮಾರು 50 ಮೀಟರ್ ಮಾತ್ರ ಕಡಿದಾದ ಹಿಮದ ಗುಡ್ಡೆ, ಅಷ್ಟೇ. ಕಷ್ಟ ಇರುವುದು ಎತ್ತರದಲ್ಲಿ. ಶಿಖರದ ಬಳಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ. ಆ ಗಾಳಿಗೆ ಮೈ ಒಗ್ಗಲು ದಿನಗಳು ಬೇಕು. ಹಾಗಾಗಿ ಈ ಪ್ರವಾಸಕ್ಕೆ ಕೊಡುವ ಹಣದಲ್ಲಿ ನೀವು ಮುಖ್ಯವಾಗಿ ಕೊಳ್ಳುವುದು ದಿನಗಳನ್ನು. ದಿನ ಉಳಿಸಲು ಹೋದವರು ಶಿಖರ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೇ ಕಳೆದುಕೊಳ್ಳುತ್ತಾರೆ. ಮುಂದೆ ಬರುವ ಬಹುತೇಕ ಸಲಹೆಗಳು ಈ ಒಂದೇ ವಿಚಾರದಿಂದ ಹುಟ್ಟಿದವು.

ಸ್ವಲ್ಪ ಇತಿಹಾಸ ತಿಳಿದು ಹೋದರೆ ಬೆಟ್ಟ ಇನ್ನಷ್ಟು ಹತ್ತಿರವಾಗುತ್ತದೆ. 1953ರ ಎವರೆಸ್ಟ್ ತಂಡಕ್ಕೆ ಆಮ್ಲಜನಕದ ಸಿಲಿಂಡರ್‌ಗಳನ್ನು ತಲುಪಿಸಿದ ಜಿಮ್ಮಿ ರಾಬರ್ಟ್ಸ್, ಆ ಕೆಲಸ ಮುಗಿಸಿ ಈ ಕಡೆಯ ಕಣಿವೆಗಳಿಗೆ ಬಂದರು. ಸೆನ್ ತೆನ್‌ಸಿಂಗ್ ಎಂಬ ಶೆರ್ಪಾ ಜೊತೆ ಮೇ 20ರಂದು ಮೇರಾದ ಮಧ್ಯ ಶಿಖರವನ್ನು ಮೊದಲ ಬಾರಿಗೆ ಏರಿದರು. ತೆನ್‌ಸಿಂಗ್ ನೋರ್ಗೆ ಮತ್ತು ಹಿಲರಿ ಎವರೆಸ್ಟ್ ತುದಿ ಮುಟ್ಟಿದ್ದು ಅದಾದ ಒಂಬತ್ತು ದಿನಕ್ಕೆ. ಮೇರಾಕ್ಕೆ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ತುದಿಗಳಿವೆ. 6,476 ಉತ್ತರ ತುದಿಯ ಎತ್ತರ. ಗೈಡ್ ಜೊತೆ ಹೋಗುವ ಹೆಚ್ಚಿನ ತಂಡಗಳು ನಿಲ್ಲುವುದು 6,461 ಮೀಟರಿನ ಮಧ್ಯ ತುದಿಯಲ್ಲಿ. ನಿಮ್ಮ ಕಂಪನಿ ಯಾವುದಕ್ಕೆ ಕರೆದೊಯ್ಯುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಹಂತ 1: ಕಾಲ ನೋಡಿ, ರಜೆ ಲೆಕ್ಕ ಹಾಕಿ

ಏಪ್ರಿಲ್-ಮೇ ಒಂದು ಕಾಲ, ಅಕ್ಟೋಬರ್-ನವೆಂಬರ್ ಇನ್ನೊಂದು. ವಸಂತದಲ್ಲಿ ಚಳಿ ಸ್ವಲ್ಪ ಕಡಿಮೆ, ಕೆಳಗಿನ ಕಾಡುಗಳಲ್ಲಿ ರೋಡೋಡೆಂಡ್ರಾನ್ ಅರಳಿರುತ್ತದೆ, ಆದರೆ ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲಿನ ಆಕಾಶ ಶುಭ್ರ, ದೂರದ ನೋಟ ಸ್ಪಷ್ಟ, ಆದರೆ ನವೆಂಬರ್ ಕಳೆಯುತ್ತ ಹೋದಂತೆ ಗಾಳಿ ಮತ್ತು ಚಳಿ ಎರಡೂ ಬಿಗಿಯಾಗುತ್ತವೆ. ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಕೊನೆಯ ಭಾಗ ಅಥವಾ ಏಪ್ರಿಲ್ ಕೊನೆಯ ಭಾಗ ನನ್ನ ಆಯ್ಕೆ.

ಮನೆ ಬಿಟ್ಟು ಮನೆ ಸೇರುವವರೆಗೆ ಮೂರು ವಾರ ಇಟ್ಟುಕೊಳ್ಳಿ. ಕಠ್ಮಂಡುವಿನಿಂದ ಕಠ್ಮಂಡುವಿಗೆ 17-18 ದಿನ ಹಿಡಿಯುತ್ತದೆ. ಅದರ ಮೇಲೆ ಎರಡು ದಿನ, ನಡಿಗೆ ಶುರುವಾಗುವ ಊರಾದ ಲುಕ್ಲಾದ ವಿಮಾನಕ್ಕಾಗಿ ಕಾದಿಡಿ. ಲುಕ್ಲಾದ ತೆನ್‌ಸಿಂಗ್-ಹಿಲರಿ ನಿಲ್ದಾಣದ ಓಟದ ಹಾದಿ 527 ಮೀಟರ್ ಮಾತ್ರ. ಅದೂ ಒಂದು ತುದಿಯಿಂದ ಇನ್ನೊಂದಕ್ಕೆ ಏರುವ ಇಳಿಜಾರು. ಮೋಡ ಬಂದರೆ, ಗಾಳಿ ಎದ್ದರೆ ವಿಮಾನ ಹಾರುವುದಿಲ್ಲ. ಹಿಂದಿರುಗುವ ದಿನವೇ ಕಠ್ಮಂಡುವಿನಿಂದ ಊರಿಗೆ ಟಿಕೆಟ್ ಮಾಡಿಸಿಕೊಳ್ಳಬೇಡಿ.

ಹಂತ 2: ದಿನಚರಿಯ ಪಟ್ಟಿಯಲ್ಲಿ ಮಲಗುವ ಎತ್ತರ ಓದಿ

ಕಂಪನಿಗಳ ಪಟ್ಟಿ ಕೈಗೆ ಬಂದಾಗ ಬೆಲೆಗಿಂತ ಮೊದಲು ನೋಡಬೇಕಾದ್ದು ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದು. ಹಗಲು ಎಷ್ಟು ಎತ್ತರಕ್ಕೆ ಹೋಗಿಬಂದರೂ ಪರವಾಗಿಲ್ಲ, ಮಲಗುವ ಎತ್ತರವೇ ಮುಖ್ಯ. 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ಪರ್ವತ ವೈದ್ಯರು ಒಪ್ಪಿರುವ ಸೂತ್ರ.

ಲುಕ್ಲಾದಿಂದ ಮೇರಾ ಕಡೆಗೆ ಎರಡು ದಾರಿ. ಒಂದು ನೇರ ಪೂರ್ವಕ್ಕೆ ಏರಿ, ಸುಮಾರು 4,600 ಮೀಟರ್ ಎತ್ತರದ ಜತ್ರ್ವಾ ಲಾ ಕಣಿವೆದಾರಿ ದಾಟಿ ಹಿಂಕು ಕಣಿವೆಗೆ ಇಳಿಯುವುದು. ಇದರಲ್ಲಿ ಎರಡು ಮೂರು ದಿನ ಉಳಿಯುತ್ತದೆ, ಕಂಪನಿಯ ದರವೂ ಇಳಿಯುತ್ತದೆ. ಆದರೆ 2,850ರ ಆಸುಪಾಸಿನಲ್ಲಿ ಇಳಿದವರು ಎರಡು ಮೂರು ದಿನದಲ್ಲೇ 4,300 ಮೀಟರಿನ ಥುಲಿ ಖರ್ಕಾದಲ್ಲಿ ಮಲಗಬೇಕಾಗುತ್ತದೆ. ತಲೆನೋವು, ವಾಂತಿ ಅಲ್ಲಿಂದಲೇ ಶುರು. ಇನ್ನೊಂದು ದಾರಿ ದಕ್ಷಿಣಕ್ಕೆ ಸುತ್ತಿ ಪೈಯಾ, ಪಂಗೋಮ್, ನಿಂಗ್ಸೋ, ಛತ್ರ ಖೋಲಾ ಮೂಲಕ ಕಾಡಿನಲ್ಲಿ ಹತ್ತಿ ಇಳಿದು ಕೋಠೆ ಸೇರುತ್ತದೆ. ನಾಲ್ಕು ರಾತ್ರಿ 3,000ದ ಕೆಳಗೇ ಮಲಗುತ್ತೀರಿ, ಕಾಲಿಗೂ ಕೆಲಸ ಸಿಗುತ್ತದೆ. ಹೋಗುವಾಗ ಸುತ್ತು ದಾರಿ, ಬರುವಾಗ ಜತ್ರ್ವಾ ಲಾ. ಇದನ್ನು ತಿರುವುಮುರುವು ಮಾಡಿದ ಪಟ್ಟಿಯನ್ನು ನಾನಾದರೆ ಪಕ್ಕಕ್ಕಿಡುತ್ತೇನೆ.

ಅಲ್ಲಿಂದ ಮುಂದಿನ ಎತ್ತರಗಳು ಹೀಗಿವೆ: ಕೋಠೆ ಸುಮಾರು 3,690, ಥಾಂಗ್ನಾಕ್ 4,360, ಖಾರೆ 5,045, ಶಿಖರಕ್ಕೆ ಮುಂಚಿನ ಕೊನೆಯ ಬಿಡಾರವಾದ ಹೈಕ್ಯಾಂಪ್ 5,800ರ ಹತ್ತಿರ. ಪ್ರತಿ ಹೆಜ್ಜೆಯೂ 500 ಮೀಟರ್ ಮೀರುತ್ತದೆ ನೋಡಿ. ತಂಗುವ ಲಾಡ್ಜ್‌ಗಳಿರುವುದೇ ಅಷ್ಟು ದೂರ ದೂರದಲ್ಲಿ. ಇದನ್ನು ಸರಿದೂಗಿಸುವ ಉಪಾಯ ಒಂದೇ, ಹೆಚ್ಚುವರಿ ರಾತ್ರಿಗಳು. ಥಾಂಗ್ನಾಕ್‌ನಲ್ಲಿ ಎರಡು ರಾತ್ರಿ, ಖಾರೆಯಲ್ಲಿ ಕನಿಷ್ಠ ಎರಡು, ಸಾಧ್ಯವಾದರೆ ಮೂರು ರಾತ್ರಿ, ಜೊತೆಗೆ ಹವಾಮಾನ ಕೆಟ್ಟರೆ ಬಳಸಲು ಒಂದು ಮೀಸಲು ದಿನ. ಇಷ್ಟು ಇದ್ದರೆ ಆ ಪಟ್ಟಿ ಒಳ್ಳೆಯದು. 13-14 ದಿನದಲ್ಲಿ ಮುಗಿಸುತ್ತೇವೆ ಅನ್ನುವವರಿಂದ ದೂರ ಇರಿ.

ಹಂತ 3: ಕಂಪನಿ ಮತ್ತು ಗೈಡ್

ಮೇರಾ ಹತ್ತಲು ನೇಪಾಳ ಪರ್ವತಾರೋಹಣ ಸಂಘದ ಅನುಮತಿ ಬೇಕು. ಅದನ್ನು ನೋಂದಾಯಿತ ಕಂಪನಿಯೇ ಮಾಡಿಸುತ್ತದೆ. ಕಠ್ಮಂಡುವಿನ ಸ್ಥಳೀಯ ಕಂಪನಿಗಳ ದರ ಸಾಮಾನ್ಯವಾಗಿ 2,000ದಿಂದ 3,000 ಡಾಲರ್‌ಗಳ ನಡುವೆ ಇರುತ್ತದೆ. ವಸಂತದಲ್ಲಿ ಅನುಮತಿ ಶುಲ್ಕ ಹೆಚ್ಚು, ಉಳಿದ ಕಾಲದಲ್ಲಿ ಕಡಿಮೆ. ದರ ಕೇಳುವಾಗ ಈ ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಿ:

- ಶಿಖರದ ದಿನ ಎಷ್ಟು ಮಂದಿಗೆ ಒಬ್ಬ ಕ್ಲೈಂಬಿಂಗ್ ಗೈಡ್? ಇಬ್ಬರಿಗೆ ಒಬ್ಬರಿದ್ದರೆ ಒಳ್ಳೆಯದು. ನಾಲ್ವರಿಗೆ ಒಬ್ಬರಾದರೆ, ಒಬ್ಬರಿಗೆ ಆಗುವುದಿಲ್ಲ ಎಂದಾದಾಗ ನಾಲ್ವರೂ ಹಿಂದಿರುಗಬೇಕಾಗುತ್ತದೆ.
- ಚಾರಣದ ಗೈಡ್ ಬೇರೆ, ಕ್ಲೈಂಬಿಂಗ್ ಗೈಡ್ ಬೇರೆಯೇ? ಕ್ಲೈಂಬಿಂಗ್ ಗೈಡ್‌ಗೆ ಪರ್ವತಾರೋಹಣ ಸಂಘದ ತರಬೇತಿಯ ಪ್ರಮಾಣಪತ್ರ ಇದೆಯೇ?
- ಹೈಕ್ಯಾಂಪ್‌ನ ಟೆಂಟು, ಅಡುಗೆ, ಹಗ್ಗ, ಅದನ್ನು ಕಟ್ಟಲು ಹಿಮಕ್ಕೆ ಹೊಡೆಯುವ ಕಂಬಗಳು ದರದಲ್ಲಿ ಸೇರಿವೆಯೇ?
- ಪಲ್ಸ್ ಆಕ್ಸಿಮೀಟರ್, ಆಮ್ಲಜನಕದ ಸಿಲಿಂಡರ್, ಸ್ಯಾಟಲೈಟ್ ಫೋನ್ ತಂಡದ ಜೊತೆ ಇರುತ್ತವೆಯೇ?
- ಪೋರ್ಟರ್‌ಗಳಿಗೆ ವಿಮೆ ಇದೆಯೇ, ಒಬ್ಬರು ಎಷ್ಟು ಹೊರುತ್ತಾರೆ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಿಂದ ಕಂಪನಿಯ ಗುಣ ಗೊತ್ತಾಗುತ್ತದೆ. ಪೋರ್ಟರ್‌ಗಳ ಹಿತಕ್ಕೆ ದುಡಿಯುವವರು ನೇಪಾಳದಲ್ಲಿ 30 ಕಿಲೋ ಮಿತಿ ಹೇಳುತ್ತಾರೆ. ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್ ಎಂದರೆ ನಿಮ್ಮ ಚೀಲ 12-13 ಕಿಲೋ ಮೀರಬಾರದು, ಯಾಕೆಂದರೆ ಅವರ ಸ್ವಂತ ಸಾಮಾನೂ ಅದೇ ಬೆನ್ನಿನ ಮೇಲೆ ಬರುತ್ತದೆ. 5,000 ಮೀಟರಿಗೆ ಬರುವ ಪೋರ್ಟರ್‌ಗೆ ಸರಿಯಾದ ಶೂ, ಜಾಕೆಟ್, ಕಪ್ಪು ಕನ್ನಡಕ ಇವೆಯೇ ಎಂದು ಲುಕ್ಲಾದಲ್ಲೇ ನೋಡಿ. ಇಲ್ಲದಿದ್ದರೆ ಅಲ್ಲೇ ಗೈಡ್‌ಗೆ ಹೇಳಿ. ಇದು ಅವರಿಗೆ ಮಾಡುವ ಉಪಕಾರವಲ್ಲ. ಅವರ ಕೆಲಸಕ್ಕೆ ಅಷ್ಟು ಬೇಕೇ ಬೇಕು.

ಹಂತ 4: ಐದಾರು ತಿಂಗಳ ಮೈ ತಯಾರಿ

ಮೊದಲು ವೈದ್ಯರನ್ನು ನೋಡಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಇಸಿಜಿ ಮಾಡಿಸಿ. ಎತ್ತರಕ್ಕೆ ಹೋಗುತ್ತಿರುವುದನ್ನು ಸ್ಪಷ್ಟವಾಗಿ ತಿಳಿಸಿ. ಸಲ್ಫಾ ಮಾತ್ರೆ ಮೈಗೆ ಆಗುವುದಿಲ್ಲ ಎಂದಿದ್ದರೆ ಅದನ್ನೂ ಹೇಳಿ, ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯದಲ್ಲಿ ಅದು ಬೇಕಾಗುತ್ತದೆ.

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1,930 ಮೀಟರ್ ಮಾತ್ರ. ಆದ್ದರಿಂದ ಇಲ್ಲಿ ಎತ್ತರಕ್ಕೆ ಒಗ್ಗುವ ತಯಾರಿ ಸಾಧ್ಯವಿಲ್ಲ. ಕಾಲು ಮತ್ತು ಉಸಿರಿನ ತಯಾರಿಗೆ ಮಾತ್ರ ನಮ್ಮ ಘಟ್ಟಗಳು ಬಹಳ ಒಳ್ಳೆಯ ಜಾಗ. ವಾರದಲ್ಲಿ ಮೂರು ದಿನ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಓಟ, ಸೈಕಲ್ ಅಥವಾ ಬಿರುಸು ನಡಿಗೆ ಮಾಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗ ಸಾಕು. ಏದುಸಿರು ಬಿಡುತ್ತ ಓಡುವುದರಿಂದ ಈ ಪ್ರವಾಸಕ್ಕೆ ಹೆಚ್ಚಿನ ಲಾಭವಿಲ್ಲ. ಮೇರಾದಲ್ಲಿ ಬೇಕಾಗುವುದು ಹತ್ತು-ಹನ್ನೆರಡು ಗಂಟೆ ನಿಲ್ಲದೆ ನಿಧಾನವಾಗಿ ನಡೆಯುವ ತಾಳಿಕೆ.

ವಾರಕ್ಕೆರಡು ಸಲ ಮೆಟ್ಟಿಲು ಹತ್ತಿ. ಅಪಾರ್ಟ್‌ಮೆಂಟ್ ಇದ್ದವರಿಗೆ ಅನುಕೂಲ. ಬೆನ್ನುಚೀಲದಲ್ಲಿ ನೀರಿನ ಬಾಟಲಿಗಳನ್ನು ತುಂಬಿ 8 ಕಿಲೋದಿಂದ ಶುರು ಮಾಡಿ, ತಿಂಗಳುಗಟ್ಟಲೆ ಏರಿಸುತ್ತ 12 ಕಿಲೋಗೆ ತನ್ನಿ. ತಾರಸಿ ಮುಟ್ಟಿದ ಮೇಲೆ ನೀರನ್ನು ಗಿಡಗಳಿಗೆ ಹೊಯ್ದು ಹಗುರಾಗಿ ಇಳಿದರೆ ಮಂಡಿಗೆ ನೆಮ್ಮದಿ. ಕೊನೆಯ ಎರಡು ತಿಂಗಳಲ್ಲಿ ಮಾತ್ರ ಭಾರ ಹೊತ್ತೇ ಇಳಿಯುವ ಅಭ್ಯಾಸವೂ ಬೇಕು, ಯಾಕೆಂದರೆ ಶಿಖರದಿಂದ ಖಾರೆಗೆ ಒಂದೇ ದಿನ ಸುಮಾರು 1,400 ಮೀಟರ್ ಇಳಿಯುವಾಗ ಸೋಲುವುದು ತೊಡೆಯ ಮುಂಭಾಗ.

ತಿಂಗಳಿಗೊಮ್ಮೆ ದೀರ್ಘ ಏರಿಕೆ ಇರಲಿ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಇದಕ್ಕೆ ಹೇಳಿ ಮಾಡಿಸಿದ ಬೆಟ್ಟ. ತುದಿ 1,712 ಮೀಟರ್, ಕೆಳಗಿನಿಂದ ಏರುವ ಎತ್ತರ ಸುಮಾರು ಒಂದೂವರೆ ಸಾವಿರ ಮೀಟರ್. ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲಿನ ಏರು ಮನಸ್ಸನ್ನೂ ಪಳಗಿಸುತ್ತದೆ. ಅರಣ್ಯ ಇಲಾಖೆಯಲ್ಲಿ ಮೊದಲೇ ನೋಂದಾಯಿಸಿಕೊಂಡು ಹೋಗಿ. ಶನಿವಾರ ಒಂದು ಬೆಟ್ಟ ಹತ್ತಿ ಭಾನುವಾರ ಮತ್ತೆ ನಾಲ್ಕು ಗಂಟೆ ನಡೆಯಲು ಮೈ ಒಪ್ಪಿದರೆ ತಯಾರಿ ಸರಿಯಾದ ಹಾದಿಯಲ್ಲಿದೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಮೇರಾಕ್ಕೆ ಮುಂಚೆ 4,000 ಮೀಟರಿಗಿಂತ ಮೇಲೆ ಕನಿಷ್ಠ ಒಂದೆರಡು ರಾತ್ರಿ ಮಲಗಿದ ಅನುಭವ ಇರಲಿ. ನಮ್ಮವರು ಮೊದಲ ಚಾರಣಕ್ಕೆ ಹೆಚ್ಚಾಗಿ ಆರಿಸುವ ಕೇದಾರಕಂಠದ ತುದಿಯೇ 3,810 ಮೀಟರ್. ಅದು ಈ ಲೆಕ್ಕಕ್ಕೆ ಸಾಲದು. ಎವರೆಸ್ಟ್ ಬೇಸ್ ಕ್ಯಾಂಪಿನಂಥ ಚಾರಣ ಒಂದಾದರೆ ನಿಮ್ಮ ಮೈ ಎತ್ತರದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಾಗಿರುತ್ತದೆ. ಹಗ್ಗದ ಕೆಲಸ ಮೊದಲೇ ಕಲಿಯಬೇಕೆಂದಿದ್ದರೆ ಬೆಂಗಳೂರಿನ ಕ್ಲೈಂಬಿಂಗ್ ಗೋಡೆಗಳು, ರಾಮನಗರ, ಬಾದಾಮಿಯ ಬಂಡೆಗಳು ಇವೆ. ಶಿಖರಗಳ ಗೀಳು ಮುಂದುವರಿಯುವ ಲಕ್ಷಣ ಕಂಡರೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್‌ಗಿಂತ ಒಳ್ಳೆಯ ಅಡಿಪಾಯ ಬೇರೆ ಇಲ್ಲ.

ಹಂತ 5: ಕಾಗದಪತ್ರ, ವಿಮೆ, ದುಡ್ಡು

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ವಯಸ್ಕರಿಗೆ ಆಧಾರ್ ಸಾಲದು. ಶಿಖರದ ಅನುಮತಿಗೂ ವಿಮೆಗೂ ಪಾಸ್‌ಪೋರ್ಟೇ ಅನುಕೂಲ, ಅದನ್ನೇ ಒಯ್ಯಿರಿ. ಆರೋಹಣದ ಅನುಮತಿ ಬಿಟ್ಟು ಮಕಾಲು ಬರುಣ್ ರಾಷ್ಟ್ರೀಯ ಉದ್ಯಾನದ ಪ್ರವೇಶಪತ್ರ, ಸ್ಥಳೀಯ ಗ್ರಾಮಪಾಲಿಕೆಯ ಪತ್ರ ಬೇಕಾಗುತ್ತವೆ. ಇವೆಲ್ಲ ಕಂಪನಿಯ ಕೆಲಸ. ಉದ್ಯಾನದ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಬಿಲ್ಲಿನಲ್ಲಿ ಅದು ಕಾಣುತ್ತದೆಯೇ ನೋಡಿ.

ವಿಮೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಮಾಮೂಲಿ ಪ್ರಯಾಣ ವಿಮೆ ಪರ್ವತಾರೋಹಣವನ್ನು ಹೊರಗಿಡುತ್ತದೆ, ಇಲ್ಲವೇ 4,000-5,000 ಮೀಟರಿಗೆ ನಿಲ್ಲುತ್ತದೆ. ನಿಮಗೆ ಬೇಕಾದ್ದು 6,500 ಮೀಟರ್‌ವರೆಗೆ, ಹಗ್ಗ ಮತ್ತು ಕ್ರ್ಯಾಂಪಾನ್ ಬಳಸುವ ಆರೋಹಣಕ್ಕೂ ಅನ್ವಯಿಸುವ, ಹೆಲಿಕಾಪ್ಟರ್ ರಕ್ಷಣೆ ಸೇರಿದ ವಿಮೆ. ಈ ಮೂರನ್ನೂ ವಿಮಾ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅನಗತ್ಯವಾಗಿ ಹೆಲಿಕಾಪ್ಟರ್ ಕರೆಸಿ ವಿಮೆಯಿಂದ ಹಣ ಪಡೆಯುವ ದಂಧೆಯ ಬಗ್ಗೆ ನೇಪಾಳ ಸರ್ಕಾರವೇ 2018ರಲ್ಲಿ ತನಿಖೆ ಮಾಡಿತ್ತು. ಅಂದಿನಿಂದ ವಿಮೆಯವರು ಬಿಗಿಯಾಗಿದ್ದಾರೆ. ಅವರ ತುರ್ತು ಸಂಖ್ಯೆಗೆ ಮೊದಲು ಕರೆ ಮಾಡಿ ಒಪ್ಪಿಗೆ ಪಡೆಯುವುದು ಹೇಗೆಂದು ಗೈಡ್ ಜೊತೆ ಮೊದಲ ದಿನವೇ ಮಾತಾಡಿ, ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಡಿ.

ಲುಕ್ಲಾ ಬಿಟ್ಟ ಮೇಲೆ ಎಟಿಎಂ ಇಲ್ಲ. ಬಿಸಿನೀರು, ಚಾರ್ಜಿಂಗ್, ವೈಫೈ ಎಲ್ಲಕ್ಕೂ ಬೇರೆ ಬೇರೆ ದುಡ್ಡು, ಮೇಲೇರಿದಂತೆ ದರವೂ ಏರುತ್ತದೆ. ನೇಪಾಳಿ ರೂಪಾಯಿಯನ್ನು ಕಠ್ಮಂಡುವಿನಲ್ಲೇ ಸಾಕಷ್ಟು ತೆಗೆದುಕೊಳ್ಳಿ.

ಹಂತ 6: ಸಾಮಾನು

ಲುಕ್ಲಾ ವಿಮಾನದಲ್ಲಿ ಒಬ್ಬರಿಗೆ ಒಟ್ಟು 15 ಕಿಲೋ ಮಿತಿ. ಹಾಗಾಗಿ ಆರಿಸಿ ತುಂಬಬೇಕು. ಶಿಖರಕ್ಕೆ ಬೇಕಾದ ಡಬಲ್ ಬೂಟು (ಒಳಬೂಟು ಬೇರೆಯಾಗಿರುವ ಬೂಟು), ಕ್ರ್ಯಾಂಪಾನ್, ಹಾರ್ನೆಸ್ (ಸೊಂಟ-ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್, ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುವ ಹಿಡಿ), ಐಸ್ ಆಕ್ಸ್ (ಹಿಮಗೊಡಲಿ) ಇವನ್ನೆಲ್ಲ ಕೊಳ್ಳುವ ಅಗತ್ಯವಿಲ್ಲ. ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ, ಖಾರೆಯಲ್ಲೂ ಸಿಗುತ್ತವೆ. ಖಾರೆಯಲ್ಲಿ ತೆಗೆದುಕೊಂಡರೆ ಹೊರುವ ಭಾರ ಉಳಿಯುತ್ತದೆ, ಆದರೆ ಅಳತೆ ಸಿಗದಿದ್ದರೆ ಬೇರೆ ದಾರಿ ಇರುವುದಿಲ್ಲ. ತೀರಾ ಚಿಕ್ಕ ಅಥವಾ ದೊಡ್ಡ ಪಾದದವರು ಥಮೇಲ್‌ನಲ್ಲೇ ತೆಗೆದುಕೊಳ್ಳುವುದು ಕ್ಷೇಮ.

ಬೂಟು ಹಾಕಿ ನೋಡುವ ಕ್ರಮ ಹೀಗೆ. ಶಿಖರದ ದಿನ ಹಾಕುವ ಉಣ್ಣೆ ಕಾಲುಚೀಲವನ್ನೇ ಹಾಕಿಕೊಂಡು ಬೂಟಿನ ದಾರ ಬಿಗಿದು, ಮುಂದಕ್ಕೆ ಇಳಿಜಾರಾಗಿ ಇಟ್ಟ ಹಲಗೆಯ ಮೇಲೆ ಅಥವಾ ಮೆಟ್ಟಿಲಿನಲ್ಲಿ ಇಳಿಯುವಂತೆ ನಿಲ್ಲಿ. ಬೆರಳ ತುದಿ ಬೂಟಿನ ಗೋಡೆಗೆ ತಾಗಬಾರದು, ಒಳಗೆ ಬೆರಳು ಆಡಬೇಕು. ಹಿಮ್ಮಡಿ ಮೇಲೇಳಬಾರದು. ಬಿಗಿಯಾದ ಬೂಟು ರಕ್ತದ ಓಟ ತಡೆಯುತ್ತದೆ, ಹಿಮಗಡಿತ ಅಲ್ಲಿಂದ ಶುರುವಾಗುತ್ತದೆ. ಕ್ರ್ಯಾಂಪಾನನ್ನು ಅದೇ ಬೂಟಿಗೆ ಕಟ್ಟಿ, ಕಾಲು ಎತ್ತಿ ಜೋರಾಗಿ ಒದರಿ. ಸ್ವಲ್ಪವೂ ಅಲುಗಬಾರದು.

ನಿಮ್ಮದೇ ಇರಬೇಕಾದವು: ಪಳಗಿದ ಚಾರಣದ ಶೂ, ಮೈಗೆ ಅಂಟುವ ಉಣ್ಣೆಯ ಒಳ ಉಡುಪು ಎರಡು ಜೊತೆ, ಫ್ಲೀಸ್, ಗಾಳಿ-ಮಳೆ ತಡೆಯುವ ಹೊರ ಜಾಕೆಟ್ ಮತ್ತು ಪ್ಯಾಂಟ್, ಟೊಪ್ಪಿಗೆ ಇರುವ ದಪ್ಪ ಡೌನ್ ಜಾಕೆಟ್, ಬೆರಳು ಬಿಡಿ ಇಲ್ಲದ ದಪ್ಪ ಮಿಟನ್, ಅದರೊಳಗೆ ತೆಳು ಗ್ಲೌಸ್, ಹಿಮನದಿಗೆ ಹೊಂದುವ ನಾಲ್ಕನೇ ದರ್ಜೆಯ ಕಪ್ಪು ಕನ್ನಡಕ, ಹೆಡ್‌ಲ್ಯಾಂಪ್ ಮತ್ತು ಹೆಚ್ಚುವರಿ ಬ್ಯಾಟರಿ, ಸನ್‌ಸ್ಕ್ರೀನ್. ಮಲಗುವ ಚೀಲ ಮೈನಸ್ 20 ಡಿಗ್ರಿಯದಾಗಿರಲಿ, ಬಾಡಿಗೆಗೂ ಸಿಗುತ್ತದೆ.

ತಿನ್ನಲು ಅಂಗಡಿಯ ಎನರ್ಜಿ ಬಾರ್‌ಗಿಂತ ಗೋಕಾಕ ಅಥವಾ ಅಮೀನಗಡದ ಕರದಂಟು ಒಯ್ಯಿರಿ. ಬೆಲ್ಲ, ಅಂಟು, ಒಣಹಣ್ಣು ಸೇರಿ ಸ್ವಲ್ಪದರಲ್ಲೇ ಬಹಳ ಶಕ್ತಿ. ಚಳಿಯಲ್ಲಿ ಗಟ್ಟಿಯಾಗುವುದರಿಂದ ಮನೆಯಲ್ಲೇ ಒಂದು ಬಾಯಿಗೆ ಹಿಡಿಯುವಷ್ಟು ಚೂರು ಮಾಡಿ ಕಟ್ಟಿಕೊಳ್ಳಿ. ಜೊತೆಗೊಂದು ಡಬ್ಬಿ ಚಟ್ನಿಪುಡಿ. 5,000 ಮೀಟರಿನಲ್ಲಿ ನಾಲಿಗೆಗೆ ಏನೂ ಬೇಡವಾದಾಗ ದಾಲ್-ಭಾತ್ ಒಳಗೆ ಹೋಗುವುದು ಅದರಿಂದಲೇ.

ಹಂತ 7: ಲುಕ್ಲಾದಿಂದ ಖಾರೆಗೆ

ದಟ್ಟಣೆಯ ತಿಂಗಳುಗಳಲ್ಲಿ ಲುಕ್ಲಾ ವಿಮಾನಗಳು ಕಠ್ಮಂಡುವಿನ ಬದಲು ರಾಮೆಛಾಪ್‌ನ ಮಂಥಲಿಯಿಂದ ಹಾರುತ್ತವೆ. ಅಲ್ಲಿಗೆ ನಾಲ್ಕೈದು ಗಂಟೆಯ ರಸ್ತೆ, ನಡುರಾತ್ರಿಯೇ ಹೊರಡಬೇಕು. ವಿಮಾನ ಬೇಡ ಎನ್ನುವವರು ಸಲ್ಲೇರಿವರೆಗೆ ಜೀಪಿನಲ್ಲಿ ಬಂದು ಅಲ್ಲಿಂದ ಮುಂದುವರಿಯಬಹುದು, ದಿನಗಳು ಹೆಚ್ಚಾಗುತ್ತವೆ.

ಲುಕ್ಲಾದಿಂದ ಎಲ್ಲರೂ ಉತ್ತರಕ್ಕೆ ನಾಮ್ಚೆ ಕಡೆ ಹೋಗುವಾಗ ನೀವು ದಕ್ಷಿಣಕ್ಕೆ ತಿರುಗುತ್ತೀರಿ. ಒಮ್ಮೆಗೇ ಜನಸಂದಣಿ ಕರಗಿ ಹೋಗುತ್ತದೆ. ಕಾಡಿನ ಆ ನಾಲ್ಕೈದು ದಿನ ಏರಿಳಿತ ಬಹಳ. ಇಲ್ಲಿ ವೇಗ ತೋರಿಸಬೇಡಿ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು, ಮೂರು ಹೊತ್ತು ಊಟ, ಬೇಗ ನಿದ್ದೆ.

ಕೋಠೆಯ ನಂತರ ಹಿಂಕು ನದಿಯ ದಂಡೆಯುದ್ದಕ್ಕೂ ದಾರಿ. ನದಿಪಾತ್ರ ಅಸಾಧ್ಯ ಅಗಲವಾಗಿ, ಬಿಳಿ ಬಂಡೆಗಳಿಂದ ತುಂಬಿರುವುದನ್ನು ಗಮನಿಸಿ. 1998ರ ಸೆಪ್ಟೆಂಬರ್‌ನಲ್ಲಿ ಮೇಲಿನ ಸಬೈ ಛೋ ಹಿಮಸರೋವರ ಒಡೆದು ಕಣಿವೆಯನ್ನು ಕೊಚ್ಚಿಕೊಂಡು ಹೋದ ಗುರುತು ಅದು. ಥಾಂಗ್ನಾಕ್‌ನ ವಿಶ್ರಾಂತಿ ದಿನ ಆ ಸರೋವರದ ಕಡೆ ಹತ್ತಿ ಇಳಿದು ಬನ್ನಿ. ಒಡೆದ ದಂಡೆಯನ್ನು ಕಣ್ಣಾರೆ ನೋಡಿದಂತೆಯೂ ಆಗುತ್ತದೆ, 'ಎತ್ತರಕ್ಕೆ ಹತ್ತು, ಕೆಳಗೆ ಮಲಗು' ಎಂಬ ನಿಯಮ ಪಾಲಿಸಿದಂತೆಯೂ ಆಗುತ್ತದೆ. ವಿಶ್ರಾಂತಿ ದಿನ ಎಂದರೆ ಹಾಸಿಗೆಯಲ್ಲಿ ಬಿದ್ದಿರುವ ದಿನವಲ್ಲ.

ಹಂತ 8: ಎತ್ತರದ ಕಾಯಿಲೆಯನ್ನು ಗುರುತಿಸುವುದು

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಒಂದು ಸೇರಿದರೂ ಅದು ಎತ್ತರದ ಕಾಯಿಲೆಯೇ ಎಂದು ತಿಳಿದುಕೊಳ್ಳಿ. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಮರುದಿನಕ್ಕೂ ಇಳಿಯದಿದ್ದರೆ ಕೆಳಗೆ ಹೋಗಿ. ಮುಂಜಾಗ್ರತೆಗೆ ಡಯಾಮಾಕ್ಸ್ ಅನ್ನು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಬೆರಳು ಜುಮುಗುಟ್ಟುವುದು, ಪದೇ ಪದೇ ಮೂತ್ರ ಬರುವುದು ಇದರ ಮಾಮೂಲಿ ಪರಿಣಾಮ. ವೈದ್ಯರನ್ನು ಕೇಳಿ, ಊರಿನಲ್ಲೇ ಒಂದೆರಡು ಮಾತ್ರೆ ತೆಗೆದುಕೊಂಡು ಮೈ ಹೇಗಿರುತ್ತದೆ ಎಂದು ನೋಡಿಕೊಳ್ಳಿ.

ಎರಡು ಸ್ಥಿತಿಗಳು ಜೀವಕ್ಕೆ ಕುತ್ತು. ಮೆದುಳು ಊದಿಕೊಂಡರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಅನುಮಾನ ಬಂದರೆ ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಸಿ. ಕುಡಿದವರಂತೆ ತೂರಾಡಿದರೆ ಬೆಳಗಿನವರೆಗೂ ಕಾಯಬೇಡಿ. ಶ್ವಾಸಕೋಶಕ್ಕೆ ನೀರು ತುಂಬಿದರೆ ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕೆಲವೊಮ್ಮೆ ನೊರೆ ಕಫ. ಎರಡಕ್ಕೂ ತಕ್ಷಣ ಇಳಿಯುವುದೇ ನಿಜವಾದ ಔಷಧ. ಆಮ್ಲಜನಕ, ಚುಚ್ಚುಮದ್ದು, ಮಾತ್ರೆ ಎಲ್ಲ ಇಳಿಯಲು ಸಮಯ ಕೊಡುವಂಥವು. ರೋಗಿಯನ್ನು ಒಂಟಿಯಾಗಿ ಕಳಿಸಬೇಡಿ. ಹಿಂಕು ಕಣಿವೆಯಲ್ಲಿ ಆಸ್ಪತ್ರೆ ಇಲ್ಲ, ಹತ್ತಿರದ್ದು ಲುಕ್ಲಾದಲ್ಲಿದೆ.

ತಲೆನೋವನ್ನು ಗೈಡ್‌ನಿಂದ ಮುಚ್ಚಿಡುವುದು ನಮ್ಮವರಲ್ಲಿ ಸಾಮಾನ್ಯ. ಹಣ ಕೊಟ್ಟು ಬಂದಿದ್ದೇನೆ, ಹೇಳಿದರೆ ಇಳಿಸಿಬಿಡುತ್ತಾರೆ ಎಂಬ ಭಯ. ದಯವಿಟ್ಟು ಹೇಳಿ. ಥಾಂಗ್ನಾಕ್‌ನಲ್ಲಿ ಹೇಳಿದರೆ ಒಂದು ದಿನ ಹೆಚ್ಚು ಉಳಿದು ಸರಿಮಾಡಿಕೊಳ್ಳಬಹುದು. ಹೈಕ್ಯಾಂಪ್‌ನಲ್ಲಿ ಗೊತ್ತಾದರೆ ಆ ಅವಕಾಶ ಇರುವುದಿಲ್ಲ.

ಹಂತ 9: ಖಾರೆಯ ತರಬೇತಿ

ಖಾರೆಯ ಎದುರಿಗೇ ಮೇರಾದ ಹಿಮನದಿ ಇಳಿದು ಬಂದಿದೆ. ತರಬೇತಿಯ ದಿನವನ್ನು ಕೆಲವು ತಂಡಗಳು ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತವೆ. ನೀವು ಬಿಡಬೇಡಿ, ಕೈ ಪಳಗುವವರೆಗೂ ಮಾಡಿಸಿ ಎಂದು ಕೇಳಿ.

ಕ್ರ್ಯಾಂಪಾನ್ ನಡಿಗೆಯಲ್ಲಿ ಪಾದ ಪೂರ್ತಿ ಚಪ್ಪಟೆಯಾಗಿ ಊರಬೇಕು, ಎಲ್ಲ ಹಲ್ಲುಗಳೂ ಹಿಮ ಕಚ್ಚಬೇಕು. ಎರಡು ಕಾಲಿನ ನಡುವೆ ಗೇಣು ಅಂತರ ಇರಲಿ, ಇಲ್ಲದಿದ್ದರೆ ಒಂದರ ಹಲ್ಲು ಇನ್ನೊಂದರ ಪ್ಯಾಂಟಿಗೆ ಸಿಕ್ಕಿ ಬೀಳುತ್ತೀರಿ. ಜಾರಿದರೆ ಐಸ್ ಆಕ್ಸ್ ಎದೆಗವಚಿ, ಹೊಟ್ಟೆ ಕೆಳಗಾಗಿ ತಿರುಗಿ, ಕೊಕ್ಕನ್ನು ಹಿಮಕ್ಕೆ ಒತ್ತಿ ನಿಲ್ಲುವುದನ್ನು ಸುರಕ್ಷಿತ ಇಳಿಜಾರಿನಲ್ಲಿ ಅಭ್ಯಾಸ ಮಾಡಿ.

ಕಟ್ಟಿದ ಹಗ್ಗದಲ್ಲಿ ಹತ್ತುವಾಗ ಕಲಿಯಲೇಬೇಕಾದ್ದು ಗಂಟು ದಾಟುವುದು. ಹಾರ್ನೆಸ್‌ನಿಂದ ಎರಡು ಸ್ಲಿಂಗ್ (ಗಟ್ಟಿ ಪಟ್ಟಿ) ಬರುತ್ತವೆ: ಒಂದರ ತುದಿಯಲ್ಲಿ ಜುಮಾರ್, ಇನ್ನೊಂದರ ತುದಿಯಲ್ಲಿ ಸುರಕ್ಷತೆಯ ಕ್ಯಾರಬೀನರ್ (ತೆರೆದು ಮುಚ್ಚುವ ಲೋಹದ ಕೊಂಡಿ). ಹಗ್ಗ ಹಿಮದ ಕಂಬಕ್ಕೆ ಕಟ್ಟಿದ ಜಾಗಕ್ಕೆ ಬಂದಾಗ ಮೊದಲು ಕ್ಯಾರಬೀನರನ್ನು ಬಿಚ್ಚಿ ಗಂಟಿನ ಆಚೆಯ ಹಗ್ಗಕ್ಕೆ ಹಾಕಿ. ಆಗ ಜುಮಾರ್ ಇನ್ನೂ ಈಚೆ ಹಿಡಿದಿರುತ್ತದೆ. ಆಮೇಲೆ ಜುಮಾರ್ ಬಿಚ್ಚಿ ಆಚೆ ಹಾಕಿ, ಎಳೆದು ನೋಡಿ, ನಂತರ ಹೆಜ್ಜೆ. ಯಾವ ಕ್ಷಣದಲ್ಲೂ ಎರಡರಲ್ಲಿ ಒಂದು ಹಗ್ಗದ ಮೇಲೆ ಇರಲೇಬೇಕು. ಇದನ್ನು ಮಿಟನ್ ಹಾಕಿಕೊಂಡೇ, ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲ ಮಾಡಿ. ಬೆಳಗಿನ ಜಾವದ ಚಳಿಯಲ್ಲಿ ಗ್ಲೌಸ್ ತೆಗೆದು ಮಾಡುತ್ತೇನೆ ಎಂದರೆ ಬೆರಳು ಮರಗಟ್ಟುತ್ತದೆ.

ಹಂತ 10: ಹೈಕ್ಯಾಂಪ್ ಮತ್ತು ಶಿಖರದ ದಿನ

ಖಾರೆಯಿಂದ ಬಂಡೆಗಳ ಏರು ಹತ್ತಿ ಹಿಮನದಿಯ ಅಂಚಿಗೆ ಬಂದು ಕ್ರ್ಯಾಂಪಾನ್ ಕಟ್ಟಿ, ಸುಮಾರು 5,400 ಮೀಟರಿನ ಮೇರಾ ಲಾ ಬಳಿಯಿಂದ ಮೇಲೇರಿದರೆ, ಬಂಡೆಯ ದಿಣ್ಣೆಯೊಂದರ ಆಸರೆಯಲ್ಲಿ ಹೈಕ್ಯಾಂಪ್. ಹಿಮನದಿಯಲ್ಲಿ ಬಿರುಕುಗಳಿವೆ, ಹೊಸ ಹಿಮ ಅವನ್ನು ಮುಚ್ಚಿರುತ್ತದೆ. ಎಷ್ಟೇ ಸಪಾಟಾಗಿ ಕಂಡರೂ ಹಗ್ಗ ಕಟ್ಟಿಕೊಂಡೇ ನಡೆಯಬೇಕು, ಹಗ್ಗ ನಡುವೆ ಸಡಿಲವಾಗಿ ಬಿದ್ದಿರಬಾರದು. ಕ್ಯಾಂಪ್‌ನಲ್ಲೂ ಗೈಡ್ ತೋರಿಸಿದ ಜಾಗ ಬಿಟ್ಟು ಅಲೆದಾಡಬೇಡಿ.

ಸಂಜೆ ಹಸಿವಿರುವುದಿಲ್ಲ, ಆದರೂ ಸೂಪು, ನೂಡಲ್ಸ್ ಏನಾದರೂ ತಿನ್ನಿ. ಒಳಬೂಟು, ಗ್ಲೌಸ್, ಫೋನು, ಬ್ಯಾಟರಿ ಎಲ್ಲ ಮಲಗುವ ಚೀಲದೊಳಗೆ ಇರಲಿ. ನಿದ್ದೆ ಬರದಿದ್ದರೆ ಗಾಬರಿ ಬೇಡ, ಅಲ್ಲಿ ಯಾರಿಗೂ ಸರಿಯಾಗಿ ಬರುವುದಿಲ್ಲ.

ರಾತ್ರಿ ಎರಡು-ಮೂರು ಗಂಟೆಗೆ ಹೊರಡುವುದು ವಾಡಿಕೆ. ಮೈನಸ್ 15-20 ಡಿಗ್ರಿ ಚಳಿ, ಗಾಳಿ ಇದ್ದರೆ ಇನ್ನೂ ಹೆಚ್ಚು. ಪೈಪಿನ ನೀರಿನ ಚೀಲ ಬೇಡ, ಪೈಪು ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ ತಲೆಕೆಳಗಾಗಿ ಇಡಿ. ಐಸ್ ಮೇಲ್ಭಾಗದಲ್ಲಿ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ಉಳಿಯುತ್ತದೆ. ಒಂದು ಹೆಜ್ಜೆ, ಹಿಂದಿನ ಕಾಲನ್ನು ನೇರ ಮಾಡಿ ಮೈ ಭಾರವನ್ನು ಮೂಳೆಯ ಮೇಲೆ ಬಿಟ್ಟು ಒಂದು ಉಸಿರು, ಮತ್ತೆ ಹೆಜ್ಜೆ. ಮೊದಲ ಅರ್ಧ ಗಂಟೆಯಲ್ಲಿ ಹಿಡಿದ ಲಯವನ್ನೇ ಕೊನೆಯವರೆಗೂ ಇಟ್ಟುಕೊಳ್ಳಿ. ಗಂಟೆಗೊಮ್ಮೆ ನಿಂತು ಒಂದು ಚೂರು ಕರದಂಟು, ಎರಡು ಗುಟುಕು ನೀರು. ಕಾಲ್ಬೆರಳುಗಳನ್ನು ಆಡಿಸುತ್ತಲೇ ಇರಿ, ಸ್ಪರ್ಶ ಹೋಯಿತು ಅನ್ನಿಸಿದರೆ ಕೂಡಲೇ ಗೈಡ್‌ಗೆ ಹೇಳಿ.

ಹಿಂದಿರುಗುವ ಗಂಟೆಯನ್ನು ಹಿಂದಿನ ಸಂಜೆಯೇ ಗೈಡ್ ಜೊತೆ ಕೂತು ಗೊತ್ತುಮಾಡಿ. ಹತ್ತು ಗಂಟೆ ಎಂದರೆ ಹತ್ತು ಗಂಟೆ, ತುದಿ ಎದುರಿಗೇ ಕಂಡರೂ ತಿರುಗಬೇಕು. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಬಿರುಕಿನ ಮೇಲಿನ ಸೇತುವೆಗಳು ಸಡಿಲವಾಗುತ್ತವೆ, ಗಾಳಿಯೂ ಏಳುತ್ತದೆ.

ಐದಾರು ಗಂಟೆಯ ಏರಿಕೆಯ ನಂತರ ಕೊನೆಯ ಗುಡ್ಡೆ. ಜುಮಾರ್ ಹಾಕಿ ಹತ್ತಿದರೆ ಮೇಲೆ. ಆಕಾಶ ಶುಭ್ರವಾಗಿದ್ದರೆ ಎವರೆಸ್ಟ್, ಲೋತ್ಸೆ, ಮಕಾಲು, ಚೋ ಓಯು, ದೂರದ ಪೂರ್ವಕ್ಕೆ ಕಾಂಚನಜುಂಗಾ, ಹೀಗೆ ಎಂಟು ಸಾವಿರ ಮೀಟರ್ ಮೀರಿದ ಐದು ಶಿಖರಗಳು ಒಂದೇ ಜಾಗದಿಂದ ಕಾಣುತ್ತವೆ. ಇಷ್ಟು ಕಡಿಮೆ ಹಗ್ಗದ ಕೆಲಸಕ್ಕೆ ಇಷ್ಟು ದೊಡ್ಡ ನೋಟ ಕೊಡುವ ಬೇರೆ ಬೆಟ್ಟ ನನಗೆ ಗೊತ್ತಿಲ್ಲ. ಫೋಟೋಗೆ ಗ್ಲೌಸ್ ತೆಗೆಯುವುದಾದರೆ ಒಂದು ಕೈಯದು ಮಾತ್ರ, ಅದೂ ಒಳಗಿನ ತೆಳು ಗ್ಲೌಸ್ ಇರಲಿ.

ಹಂತ 11: ಇಳಿಯುವುದು, ಲೆಕ್ಕ ಮುಗಿಸುವುದು

ಅದೇ ದಿನ ಖಾರೆಗೆ ಇಳಿಯಬೇಕು. ಅಪಘಾತಗಳು ಹೆಚ್ಚಾಗಿ ಆಗುವುದು ಈ ಹೊತ್ತಿನಲ್ಲಿ, ಸುಸ್ತಾದ ಕಾಲಿನಿಂದ. ಇಳಿಜಾರಿನಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ ಹಾಕಿ. ಕ್ರ್ಯಾಂಪಾನ್ ತಳಕ್ಕೆ ಹಿಮದ ಮುದ್ದೆ ಅಂಟಿದರೆ ಐಸ್ ಆಕ್ಸ್‌ನಿಂದ ತಟ್ಟಿ ಬೀಳಿಸಿ. ಹೈಕ್ಯಾಂಪ್‌ನಲ್ಲಿ ಕಸ ಉಳಿಯದಂತೆ ಎಲ್ಲವನ್ನೂ ಕೆಳಗೆ ತನ್ನಿ, ಊಟದ ಪೊಟ್ಟಣಗಳನ್ನೂ ಸೇರಿಸಿ.

ಬರುವಾಗ ಕೋಠೆ, ಥುಲಿ ಖರ್ಕಾ, ಜತ್ರ್ವಾ ಲಾ ಮೂಲಕ ಮೂರು ನಾಲ್ಕು ದಿನದಲ್ಲಿ ಲುಕ್ಲಾ. ಕಣಿವೆದಾರಿಯ ಲುಕ್ಲಾ ಬದಿ ಕಡಿದಾದದ್ದು, ಹಿಮ ಬಿದ್ದಿದ್ದರೆ ಜಾರುತ್ತದೆ. ಬಾಡಿಗೆ ಕ್ರ್ಯಾಂಪಾನ್ ಖಾರೆಯಲ್ಲೇ ಹಿಂದಿರುಗಿಸಿದವರಿಗೆ ಚಾರಣದ ಶೂಗೇ ಸಿಕ್ಕಿಸುವ ಸಣ್ಣ ಹಲ್ಲುಗಳ ಮೈಕ್ರೋಸ್ಪೈಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಲುಕ್ಲಾದ ಕೊನೆಯ ಸಂಜೆ ಗೈಡ್, ಪೋರ್ಟರ್‌ಗಳಿಗೆ ಭಕ್ಷೀಸು ಕೊಡುವ ರೂಢಿ. ತಂಡದವರು ಮೊದಲೇ ಒಟ್ಟುಗೂಡಿಸಿ, ಪ್ರತಿಯೊಬ್ಬರ ಹೆಸರಿನ ಲಕೋಟೆಯಲ್ಲಿ ಹಾಕಿ ಅವರವರ ಕೈಗೇ ಕೊಡಿ. ಒಬ್ಬರ ಕೈಗೆ ಒಟ್ಟಿಗೆ ಕೊಟ್ಟರೆ ಪೋರ್ಟರ್‌ವರೆಗೆ ಎಷ್ಟು ತಲುಪಿತು ಎಂಬುದು ತಿಳಿಯುವುದಿಲ್ಲ. ಒಳ್ಳೆಯ ಸ್ಥಿತಿಯ ಗ್ಲೌಸ್, ಜಾಕೆಟ್ ಬೇಡವಾಗಿದ್ದರೆ ಅವರಿಗೆ ಕೊಡಿ, ಆದರೆ ಹಣದ ಬದಲಿಗಲ್ಲ.

ಕಠ್ಮಂಡುವಿನಲ್ಲಿ ಎರಡು ಕೆಲಸ ಬಾಕಿ ಇರುತ್ತದೆ. ಬಾಡಿಗೆ ಸಾಮಾನಿನ ಠೇವಣಿ ವಾಪಸ್ ಪಡೆಯುವುದು ಒಂದು. ಪರ್ವತಾರೋಹಣ ಸಂಘದ ಆರೋಹಣ ಪ್ರಮಾಣಪತ್ರ ಇನ್ನೊಂದು. ಅದಕ್ಕೆ ಗೈಡ್‌ನ ದೃಢೀಕರಣ ಬೇಕು, ಕಂಪನಿ ಅರ್ಜಿ ಹಾಕುತ್ತದೆ. ಒಂದು ದಿನ ಹಿಡಿಯುವುದರಿಂದ ಲುಕ್ಲಾದಿಂದ ಬಂದ ಕೂಡಲೇ ಕೇಳಿ, ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇವೆಯೇ ಎಂದು ನೋಡಿಕೊಂಡು ತೆಗೆದುಕೊಳ್ಳಿ.